ಶ್ವೇತಕುಬ್ಜಗಳ ಮಿತಿ: ಕಿರಿಯರು ಕೇಳಿದ ಪ್ರಶ್ನೆ



ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸಮೀಪ ಸೌತಡ್ಕ ಎಂಬ ಕ್ಷೇತ್ರವಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅಲ್ಲಿಯ ಮಹಾಗಣಪತಿಗೆ ಗರ್ಭಗುಡಿಯಿಲ್ಲ, ಮೇಲೆ ಮಾಡಿಲ್ಲ. ಬಿಸಿಲು, ಮಳೆ, ಬೆಳದಿಂಗಳು ಎಲ್ಲವೂ ನೇರವಾಗಿ ಬೀಳುವ ಬಯಲು ಆಲಯ ಅದು. ಅಂಥ ಜಾಗದಲ್ಲಿ ನಿಂತವರಿಗೆ ಒಮ್ಮೆ ತಲೆ ಎತ್ತಿ ನೋಡಬೇಕೆನಿಸುವುದು ಸಹಜ. ಇಂದಿನ ನಮ್ಮ ಮಾತುಕತೆಯನ್ನೂ ತಲೆ ಎತ್ತಿ ನೋಡುವ ಕೆಲಸದಿಂದಲೇ ಆರಂಭಿಸೋಣ.

ಮಳೆಗಾಲದ ನಾಲ್ಕು ತಿಂಗಳು ಆ ಊರಿನ ಆಕಾಶ ಮೋಡದ ಪಾಲು. ಆದರೆ ಅಡಿಕೆ ಅಂಗಳದಲ್ಲಿ ಒಣಗುವ ದಿನಗಳಲ್ಲಿ ಆಕಾಶ ತಿಳಿಯಾಗಿರುತ್ತದೆ. ಫೆಬ್ರವರಿ ತಿಂಗಳ ಮಧ್ಯದಲ್ಲಿ, ರಾತ್ರಿ ಒಂಬತ್ತೂವರೆಯ ಹೊತ್ತಿಗೆ, ದಕ್ಷಿಣಕ್ಕೆ ಮುಖಮಾಡಿ ಅಂಗಳದಲ್ಲಿ ನಿಲ್ಲಿ. ಸುಮಾರು 60 ಡಿಗ್ರಿ ಎತ್ತರದಲ್ಲಿ, ಅಂದರೆ ದಿಗಂತದಿಂದ ನೆತ್ತಿಗೆ ಇರುವ ದೂರದ ಮೂರನೆಯ ಎರಡು ಪಾಲಿನಲ್ಲಿ, ಬೆಳ್ಳಗೆ ಹೊಳೆಯುವ ಒಂದು ನಕ್ಷತ್ರ ಕಾಣುತ್ತದೆ. ಗುರುತು ಸಿಗದಿದ್ದರೆ ಮೊದಲು ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳನ್ನು ಹುಡುಕಿ. ಆ ಮೂರರ ಗೆರೆಯನ್ನು ಕೆಳಗೆ ಎಡಕ್ಕೆ ಚಾಚಿದರೆ ನೇರವಾಗಿ ಇದರ ಬಳಿಗೇ ಬರುತ್ತೀರಿ. ಇದೇ ಲುಬ್ಧಕ. ಇಂಗ್ಲಿಷಿನಲ್ಲಿ ಸಿರಿಯಸ್ ಎನ್ನುತ್ತಾರೆ. ಗ್ರಹಗಳನ್ನು ಬಿಟ್ಟರೆ ರಾತ್ರಿಯ ಆಕಾಶದಲ್ಲಿ ಇದಕ್ಕಿಂತ ಪ್ರಕಾಶವಾದ ನಕ್ಷತ್ರ ಬೇರೊಂದಿಲ್ಲ. ನಮ್ಮಿಂದ ಇದರ ದೂರ 8.6 ಜ್ಯೋತಿರ್ವರ್ಷ.

ಈ ಲುಬ್ಧಕ ಒಂಟಿಯಲ್ಲ. 1844ರಲ್ಲಿ ಜರ್ಮನಿಯ ಬೆಸೆಲ್ ಎಂಬ ಖಗೋಳಜ್ಞರು ಅದರ ಚಲನೆಯನ್ನು ಅಳೆದು ನೋಡಿದರು. ನೇರ ದಾರಿಯಲ್ಲಿ ಸಾಗಬೇಕಾದ ನಕ್ಷತ್ರ ಅತ್ತಿತ್ತ ಓಲಾಡುತ್ತಿತ್ತು. ಕಣ್ಣಿಗೆ ಕಾಣದ ಜೊತೆಗಾರನೊಬ್ಬ ಅದನ್ನು ಎಳೆಯುತ್ತಿರಬೇಕು ಎಂದು ಅವರು ತರ್ಕಿಸಿದರು. 1862ರ ಜನವರಿಯಲ್ಲಿ ಅಮೆರಿಕದ ಆಲ್ವಾನ್ ಗ್ರಹಾಂ ಕ್ಲಾರ್ಕ್ ಹೊಸದಾಗಿ ಅರೆದ ಹದಿನೆಂಟೂವರೆ ಅಂಗುಲದ ಮಸೂರವನ್ನು ಪರೀಕ್ಷಿಸುತ್ತಿದ್ದಾಗ ಆ ಜೊತೆಗಾರ ಚುಕ್ಕಿ ಕಣ್ಣಿಗೆ ಬಿತ್ತು. ಲುಬ್ಧಕದ ಬೆಳಕಿನ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಅದರ ಬೆಳಕು. ಅದಕ್ಕೆ ಲುಬ್ಧಕ-ಬಿ ಎಂದು ಹೆಸರು.

ಮಂದ ಬೆಳಕಿನ ನಕ್ಷತ್ರವೆಂದರೆ ತಣ್ಣಗಿನ ಕೆಂಪು ನಕ್ಷತ್ರವಾಗಿರಬೇಕು ಎಂದು ಎಲ್ಲರೂ ಭಾವಿಸಿದ್ದರು. 1915ರಲ್ಲಿ ವಾಲ್ಟರ್ ಆಡಮ್ಸ್ ಅದರ ರೋಹಿತವನ್ನು ಪಡೆದಾಗ ಅಚ್ಚರಿ ಕಾದಿತ್ತು. ಅದು ಬೆಳ್ಳಗೆ ಕಾದಿರುವ ನಕ್ಷತ್ರ! ಇಂದು ನಮಗೆ ತಿಳಿದಿರುವಂತೆ ಅದರ ಮೇಲ್ಮೈ ಉಷ್ಣತೆ ಸುಮಾರು 25,000 ಡಿಗ್ರಿ. ನಮ್ಮ ಸೂರ್ಯನದು ಆರು ಸಾವಿರಕ್ಕೂ ಕಡಿಮೆ. ಇಷ್ಟು ಕಾದಿದ್ದೂ ಇಷ್ಟು ಮಂದವಾಗಿ ಕಾಣಬೇಕಾದರೆ ಒಂದೇ ಕಾರಣ: ಅದರ ಗಾತ್ರ ಬಹಳ ಚಿಕ್ಕದು. ಬಿಳಿಯ ಬಣ್ಣ, ಕುಳ್ಳ ದೇಹ. ಆದ್ದರಿಂದಲೇ ಇಂಥವಕ್ಕೆ ಶ್ವೇತಕುಬ್ಜಗಳೆಂದು ಹೆಸರು.

ಲುಬ್ಧಕ-ಬಿಯ ದ್ರವ್ಯರಾಶಿ ನಮ್ಮ ಸೂರ್ಯನಷ್ಟೇ ಇದೆ. ಗಾತ್ರವಾದರೋ ಭೂಮಿಗಿಂತ ತುಸು ಕಿರಿದು. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್, ಭೂಮಿಯದು 12,700 ಕಿಲೋಮೀಟರ್ ಎಂಬುದನ್ನು ನೆನಪಿಸಿಕೊಳ್ಳಿ. ಅಷ್ಟು ದೊಡ್ಡ ಸೂರ್ಯನ ಸರಕನ್ನೆಲ್ಲ ಇಷ್ಟು ಚಿಕ್ಕ ಗೋಳದಲ್ಲಿ ತುರುಕಿದರೆ ಸಾಂದ್ರತೆ ಎಷ್ಟಾದೀತು? ಲೆಕ್ಕ ಮಾಡಿದರೆ ಒಂದು ಘನ ಸೆಂಟಿಮೀಟರಿಗೆ ಸುಮಾರು ಎರಡೂವರೆ ಟನ್ ಬರುತ್ತದೆ. ಸುಲಿದ ಒಂದು ಅಡಿಕೆಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಅದರ ಗಾತ್ರ ಆರು ಘನ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಅಷ್ಟೇ ಗಾತ್ರದ ಶ್ವೇತಕುಬ್ಜದ ಸರಕು 15 ಟನ್ ತೂಗುತ್ತದೆ. ಸರಕು ತುಂಬಿದ ಒಂದು ಲಾರಿ ಒಂದು ಅಡಿಕೆಯೊಳಗೆ ಕುಳಿತಂತೆ!

ಶ್ವೇತಕುಬ್ಜವೆಂದರೆ ನಕ್ಷತ್ರದ ಮುಪ್ಪು. ಸೂರ್ಯನಂಥ ನಕ್ಷತ್ರಗಳು ಹೈಡ್ರೊಜನನ್ನು ಹೀಲಿಯಮ್ಮಾಗಿ ಬೆಸೆದು ಶಕ್ತಿ ಪಡೆಯುತ್ತವೆ. ಆ ಇಂಧನ ಮುಗಿದ ಮೇಲೆ ಹೀಲಿಯಮ್ ಉರಿಯುತ್ತದೆ. ಕೊನೆಗೆ ಹೊರಗಿನ ಪದರಗಳು ಕಳಚಿಹೋಗಿ ಕಾರ್ಬನ್ ಮತ್ತು ಆಕ್ಸಿಜನ್‌ಗಳ ಗಟ್ಟಿ ತಿರುಳು ಮಾತ್ರ ಉಳಿಯುತ್ತದೆ. ಒಲೆಯಲ್ಲಿ ಸೌದೆ ಮುಗಿದ ಮೇಲೆ ಉಳಿದ ಕೆಂಡದ ಹಾಗೆ ಅದು ಕೋಟ್ಯಂತರ ವರ್ಷ ನಿಧಾನವಾಗಿ ಆರುತ್ತ ಹೋಗುತ್ತದೆ. ಇನ್ನು ಸುಮಾರು 500 ಕೋಟಿ ವರ್ಷಗಳಾಚೆ ಸೂರ್ಯನೂ ಇದೇ ದಾರಿ ಹಿಡಿಯುತ್ತಾನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಉರಿಯುವ ನಕ್ಷತ್ರದಲ್ಲಿ ಒಳಗಿನ ಬಿಸಿ ಅನಿಲದ ಒತ್ತಡ ಗುರುತ್ವಾಕರ್ಷಣೆಯ ಎಳೆತವನ್ನು ತಡೆದು ನಿಲ್ಲಿಸುತ್ತದೆ. ಬೆಂಕಿ ಆರಿದ ಮೇಲೆ ತಡೆಯುವವರು ಯಾರು? ಅದು ತನ್ನ ಭಾರಕ್ಕೆ ತಾನೇ ಏಕೆ ಕುಸಿದು ಹೋಗುವುದಿಲ್ಲ?

ಉತ್ತರವಿರುವುದು ಇಲೆಕ್ಟ್ರಾನುಗಳಲ್ಲಿ. ಒಂದು ದೇವಸ್ಥಾನದ ಕೆರೆಯನ್ನು ಊಹಿಸಿಕೊಳ್ಳಿ. ನೀರಿನ ಅಂಚಿನಿಂದ ಮೇಲಕ್ಕೆ ಮೆಟ್ಟಿಲುಗಳಿವೆ. ಒಂದು ಮೆಟ್ಟಿಲಲ್ಲಿ ಇಬ್ಬರು ಮಾತ್ರ ಕೂರಬಹುದು, ಅದೂ ಬೆನ್ನಿಗೆ ಬೆನ್ನು ಕೊಟ್ಟು. ಮೊದಲು ಬಂದವರು ಕೆಳಗಿನ ಮೆಟ್ಟಿಲು ಹಿಡಿಯುತ್ತಾರೆ. ತಡವಾಗಿ ಬಂದವರು ಮೇಲಿನ ಮೆಟ್ಟಿಲಿಗೇ ಹೋಗಬೇಕು. ಇಲೆಕ್ಟ್ರಾನುಗಳ ಲೋಕದ ನಿಯಮವೂ ಇದೇ. 1925ರಲ್ಲಿ ಪೌಲಿ ಇದನ್ನು ಕಂಡುಹಿಡಿದರು. ಇಲ್ಲಿ ಮೆಟ್ಟಿಲಿನ ಎತ್ತರವೆಂದರೆ ಇಲೆಕ್ಟ್ರಾನಿನ ಶಕ್ತಿ. ಮೇಲೆ ಹೋದಷ್ಟೂ ವೇಗ ಹೆಚ್ಚು. ಕೆಳಗೆ ಜಾಗವಿಲ್ಲದ ಕಾರಣ, ನಕ್ಷತ್ರ ಎಷ್ಟೇ ತಣ್ಣಗಾದರೂ ಮೇಲಿನ ಮೆಟ್ಟಿಲಿನ ಇಲೆಕ್ಟ್ರಾನುಗಳು ವೇಗವಾಗಿ ಓಡುತ್ತಲೇ ಇರಬೇಕು. ಆ ಓಟವೇ ಒತ್ತಡವನ್ನು ಹುಟ್ಟಿಸುತ್ತದೆ. ಗುರುತ್ವ ನಕ್ಷತ್ರವನ್ನು ಇನ್ನಷ್ಟು ಹಿಂಡಿದರೆ ಏನಾಗುತ್ತದೆ? ಕೆರೆ ಕಿರಿದಾದಂತೆ ಮೆಟ್ಟಿಲುಗಳ ನಡುವಣ ಎತ್ತರ ಹೆಚ್ಚುತ್ತದೆ. ಒತ್ತಡವೂ ಏರುತ್ತದೆ. 1926ರಲ್ಲಿ ಕೇಂಬ್ರಿಜ್‌ನ ರಾಲ್ಫ್ ಫೌಲರ್ ಇದೇ ತತ್ತ್ವವನ್ನು ಶ್ವೇತಕುಬ್ಜಗಳಿಗೆ ಅನ್ವಯಿಸಿ, ಅವು ಹೇಗೆ ನಿಂತಿವೆ ಎಂದು ವಿವರಿಸಿದರು. ಸಮಸ್ಯೆ ಬಗೆಹರಿಯಿತು ಎಂದು ವಿಜ್ಞಾನಿಗಳು ನಿಟ್ಟುಸಿರು ಬಿಟ್ಟರು.

ಆಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿ ಫೌಲರ್ ಅವರ ಪ್ರಬಂಧವನ್ನು ಗಮನವಿಟ್ಟು ಓದಿದ್ದ. ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಸರ್ ಸಿ. ವಿ. ರಾಮನ್ ಆತನ ಚಿಕ್ಕಪ್ಪ. 1930ರ ಜುಲೈ 31ರಂದು, ಹೆಚ್ಚಿನ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೋಗಲು ಆತ ಬೊಂಬಾಯಿಯಲ್ಲಿ ಹಡಗು ಹತ್ತಿದಾಗ ಇನ್ನೂ ಹತ್ತೊಂಬತ್ತು ವರ್ಷ. ಕಡಲ ದಾರಿಯ ಬಿಡುವಿನಲ್ಲಿ ಆ ತರುಣ ಒಂದು ಸರಳ ಪ್ರಶ್ನೆ ಹಾಕಿಕೊಂಡ: ಮೇಲಿನ ಮೆಟ್ಟಿಲಿನ ಇಲೆಕ್ಟ್ರಾನುಗಳ ವೇಗ ಬೆಳಕಿನ ವೇಗವನ್ನು ಸಮೀಪಿಸಿದರೆ ಏನಾಗುತ್ತದೆ? ಆಗ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಸೇರಿಸಿಕೊಳ್ಳಬೇಡವೇ?

ಸೇರಿಸಿದಾಗ ಬಂದ ಫಲವನ್ನು ನೀವು ಪಿಯುಸಿಯ ಗಣಿತದಿಂದಲೇ ಗ್ರಹಿಸಬಹುದು. ನಕ್ಷತ್ರದ ತ್ರಿಜ್ಯ ಅರ್ಧವಾಯಿತೆಂದುಕೊಳ್ಳಿ. ಗುರುತ್ವದ ಬಂಧನಶಕ್ತಿ ಎರಡು ಪಟ್ಟಾಗುತ್ತದೆ. ಇಲೆಕ್ಟ್ರಾನುಗಳು ನಿಧಾನವಾಗಿದ್ದಾಗ ಅವುಗಳ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಹಿಂಡುತ್ತ ಹೋದರೆ ಎಲ್ಲೋ ಒಂದು ಹಂತದಲ್ಲಿ ಇಲೆಕ್ಟ್ರಾನುಗಳು ಗೆದ್ದು ನಕ್ಷತ್ರ ನೆಲೆ ನಿಲ್ಲುತ್ತದೆ. ಆದರೆ ಇಲೆಕ್ಟ್ರಾನುಗಳು ಬೆಳಕಿನ ವೇಗದ ಬಳಿ ಬಂದಾಗ ಅವುಗಳ ಶಕ್ತಿಯೂ ಎರಡೇ ಪಟ್ಟಾಗುತ್ತದೆ. ಇತ್ತ ಎರಡು, ಅತ್ತಲೂ ಎರಡು. ಇನ್ನೆಷ್ಟು ಹಿಂಡಿದರೂ ಇಲೆಕ್ಟ್ರಾನುಗಳಿಗೆ ಮೇಲುಗೈ ಸಿಗುವುದಿಲ್ಲ. ಗೆಲುವು ಯಾರದೆಂಬುದನ್ನು ನಕ್ಷತ್ರದ ದ್ರವ್ಯರಾಶಿಯೇ ನಿರ್ಧರಿಸುತ್ತದೆ. ಒಂದು ಮಿತಿಯೊಳಗಿದ್ದರೆ ನಕ್ಷತ್ರ ಉಳಿಯುತ್ತದೆ. ಮಿತಿ ಮೀರಿದರೆ ಕುಸಿಯುತ್ತದೆ.

ಈ ಮಿತಿಯೇ ಚಂದ್ರಶೇಖರ್ ಮಿತಿ. ಜರ್ಮನಿಯ ಪತ್ರಿಕೆಯಲ್ಲಿ ಬರೆಯುತ್ತಿದ್ದ ಎಸ್ತೋನಿಯಾದ ವಿಲ್‌ಹೆಲ್ಮ್ ಆಂಡರ್ಸನ್ ಮತ್ತು ಇಂಗ್ಲೆಂಡಿನ ಎಡ್ಮಂಡ್ ಸ್ಟೋನರ್ ಕೂಡ ಅದೇ ವರ್ಷಗಳಲ್ಲಿ ಇಂಥ ಮಿತಿಯತ್ತ ಬಂದಿದ್ದರು ಎಂಬುದನ್ನೂ ಹೇಳಬೇಕು. ಚಂದ್ರಶೇಖರರು 1931ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧದಲ್ಲಿ ಮಿತಿ ಸೂರ್ಯನ 0.91ರಷ್ಟಿತ್ತು. ಇಂದು ನಾವು 1.44 ಎನ್ನುತ್ತೇವೆ. ಸೂತ್ರ ತಪ್ಪಿರಲಿಲ್ಲ. ನಕ್ಷತ್ರದ ಸರಕಿನಲ್ಲಿ ಒಂದು ಇಲೆಕ್ಟ್ರಾನಿಗೆ ಎಷ್ಟು ಪರಮಾಣು ತೂಕ ಬರುತ್ತದೆ ಎಂಬುದಕ್ಕೆ ಆಗ ಅವರು 2.5 ಎಂದು ಹಿಡಿದಿದ್ದರು. ಕಾರ್ಬನ್, ಆಕ್ಸಿಜನ್‌ಗಳಿಗೆ ಅದು 2. ಆ ಸಂಖ್ಯೆಯ ವರ್ಗದಿಂದ ಭಾಗಿಸಬೇಕಾದ್ದರಿಂದ ಉತ್ತರ ಬದಲಾಯಿತು. 0.91ನ್ನು 6.25ರಿಂದ ಗುಣಿಸಿ 4ರಿಂದ ಭಾಗಿಸಿ ನೋಡಿ. ಇಂದಿನ ಬೆಲೆಗೆ ಬಹಳ ಹತ್ತಿರ ಬರುತ್ತೀರಿ.

ಮಿತಿ ಮೀರಿದ ನಕ್ಷತ್ರ ಏನಾಗುತ್ತದೆ? ಈ ಪ್ರಶ್ನೆಯೇ ಹಿರಿಯರಿಗೆ ಹಿಡಿಸಲಿಲ್ಲ. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಸಭೆಯಲ್ಲಿ ಇಪ್ಪತ್ತನಾಲ್ಕರ ಚಂದ್ರಶೇಖರರು ತಮ್ಮ ಲೆಕ್ಕವನ್ನು ಮಂಡಿಸಿದರು. ಅವರ ಬೆನ್ನಿಗೇ ಮಾತನಾಡಲು ಎದ್ದವರು ಸರ್ ಆರ್ಥರ್ ಎಡಿಂಗ್ಟನ್, ಆ ಕಾಲದ ಖಗೋಳ ವಿಜ್ಞಾನದ ಅತಿ ದೊಡ್ಡ ಹೆಸರು. ನಕ್ಷತ್ರವೊಂದು ಹೀಗೆ ಅಸಂಬದ್ಧವಾಗಿ ವರ್ತಿಸುವುದನ್ನು ತಡೆಯುವ ನಿಯಮ ಪ್ರಕೃತಿಯಲ್ಲಿ ಇರಲೇಬೇಕು ಎಂದು ಅವರು ವಾದಿಸಿದರು. ಸಭೆ ನಕ್ಕಿತು. ಚಂದ್ರಶೇಖರರ ಲೆಕ್ಕದಲ್ಲಿ ತಪ್ಪನ್ನು ಮಾತ್ರ ಯಾರೂ ತೋರಿಸಲಿಲ್ಲ. ಅವರು ಕಹಿಯನ್ನು ಮನೆಮಾಡಿಸಿಕೊಳ್ಳಲಿಲ್ಲ. 1937ರಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾನಿಲಯ ಸೇರಿ, 1939ರಲ್ಲಿ ನಕ್ಷತ್ರಗಳ ರಚನೆಯ ಬಗ್ಗೆ ಪೂರ್ಣ ಗ್ರಂಥವನ್ನೇ ಬರೆದು ಬೇರೆ ಸಮಸ್ಯೆಗಳತ್ತ ತಿರುಗಿದರು. ಎಡಿಂಗ್ಟನ್ನರ ಬಗ್ಗೆ ಅವರ ಗೌರವವೂ ಕುಂದಲಿಲ್ಲ. ಮುಂದೆ ನ್ಯೂಟ್ರಾನ್ ನಕ್ಷತ್ರಗಳೂ ಕಪ್ಪು ಕುಳಿಗಳೂ ಪತ್ತೆಯಾದವು. ಕುಸಿತ ಅಸಂಬದ್ಧವಲ್ಲ, ವಾಸ್ತವ ಎಂದು ಜಗತ್ತಿಗೆ ಗೊತ್ತಾಯಿತು. 1983ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಇಷ್ಟನ್ನು ಹಲವು ಪುಸ್ತಕಗಳಲ್ಲಿ ಓದಿರುತ್ತೀರಿ. ಸಾಮಾನ್ಯವಾಗಿ ಕತೆ ಇಲ್ಲಿಗೆ ಮುಗಿಯುತ್ತದೆ. ಆದರೆ ಇದಕ್ಕೆ ನಮ್ಮ ಕರ್ನಾಟಕದಲ್ಲೇ ನಡೆದ ಒಂದು ಮುಂದುವರಿದ ಅಧ್ಯಾಯವಿದೆ. 1935ರಲ್ಲಿ ಲಂಡನ್ನಿನಲ್ಲಿ ಆ ಸಭೆ ನಡೆದಾಗ ಚಿಕ್ಕಪ್ಪ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತ ಬಂದ ಸಂಸ್ಥೆ ಅದು. ಎಪ್ಪತ್ತೆಂಟು ವರ್ಷಗಳ ಬಳಿಕ ಅದೇ ಸಂಸ್ಥೆಯ ಭೌತವಿಜ್ಞಾನ ವಿಭಾಗದಿಂದ ಒಂದು ಪ್ರಶ್ನೆ ಹೊರಟಿತು: ಚಂದ್ರಶೇಖರ್ ಮಿತಿಯನ್ನು ಮೀರಿದ ಶ್ವೇತಕುಬ್ಜ ಇರಲು ಸಾಧ್ಯವೇ? ಕೇಳಿದವರು ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಸಂಶೋಧಕಿ ಉಪಾಸನಾ ದಾಸ್ ಮತ್ತು ಅವರ ಮಾರ್ಗದರ್ಶಕ ಬನಿಬ್ರತ ಮುಖೋಪಾಧ್ಯಾಯ. ಅವರ ಪ್ರಬಂಧ 2013ರಲ್ಲಿ 'ಫಿಸಿಕಲ್ ರಿವ್ಯೂ ಲೆಟರ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಅದರ ಹಿಂದೆ ಆಕಾಶದ ಒಂದು ಒಗಟಿತ್ತು. ಜೋಡಿ ನಕ್ಷತ್ರದಿಂದ ಸರಕನ್ನು ಎಳೆದುಕೊಂಡು ಒಂದು ಶ್ವೇತಕುಬ್ಜ ತನ್ನ ಮಿತಿಯ ಸಮೀಪ ಬಂದಿತೆಂದುಕೊಳ್ಳಿ. ಒಳಗಿನ ಕಾರ್ಬನ್ ಒಮ್ಮೆಲೆ ಹೊತ್ತಿಕೊಂಡು ಇಡೀ ನಕ್ಷತ್ರ ಸಿಡಿದುಹೋಗುತ್ತದೆ. ಇದನ್ನು 1ಎ ಬಗೆಯ ಸೂಪರ್‌ನೋವಾ ಎನ್ನುತ್ತಾರೆ. ಸಿಡಿಯುವ ಮೊದಲಿನ ದ್ರವ್ಯರಾಶಿ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಸಿಡಿದಾಗಿನ ಬೆಳಕೂ ಹೆಚ್ಚು ಕಡಿಮೆ ಒಂದೇ ಎಂಬುದು ತರ್ಕ. ನೂರು ವಾಟಿನ ಬಲ್ಬು ಎಂದು ಗೊತ್ತಿದ್ದರೆ, ಅದು ಎಷ್ಟು ಮಂದವಾಗಿ ಕಾಣುತ್ತದೆ ಎಂಬುದರಿಂದ ದೂರವನ್ನು ಹೇಳಬಹುದಲ್ಲವೇ? ಹಾಗೆಯೇ ಈ ಸೂಪರ್‌ನೋವಾಗಳಿಂದ ದೂರದ ಗೆಲಾಕ್ಸಿಗಳ ಅಂತರವನ್ನು ಅಳೆಯುತ್ತಾರೆ. ವಿಶ್ವ ಹಿಗ್ಗುವ ವೇಗ ಏರುತ್ತಲೇ ಇದೆ ಎಂದು 1998ರಲ್ಲಿ ತಿಳಿದದ್ದು ಇದೇ ಅಳತೆಗೋಲಿನಿಂದ. ಆ ಶೋಧಕ್ಕೆ 2011ರ ನೊಬೆಲ್ ಪಾರಿತೋಷಕ ಸಂದಿತು.

ಆದರೆ 2003ರಲ್ಲಿ ಕಂಡ ಒಂದು ಸೂಪರ್‌ನೋವಾ ಈ ಲೆಕ್ಕಕ್ಕೆ ಹೊಂದಲಿಲ್ಲ. ಅದರ ಬೆಳಕು ಸಾಮಾನ್ಯಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಅಷ್ಟು ಬೆಳಕು ಬರಬೇಕಾದರೆ ಸಿಡಿದ ಶ್ವೇತಕುಬ್ಜದಲ್ಲಿ ಸೂರ್ಯನ ಎರಡು ಪಟ್ಟು ಸರಕು ಇದ್ದಿರಬೇಕೆಂದು 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿಯಾಯಿತು. ಅನಂತರ ಇಂಥವು ಇನ್ನೂ ಕೆಲವು ಸಿಕ್ಕವು. ಇವು ಅಪರೂಪ, ನಿಜ. ಆದರೂ 1.44ರ ಮಿತಿ ಇರುವಾಗ ಎರಡು ಹೇಗೆ ಬಂತು? ನಕ್ಷತ್ರ ಬಹಳ ವೇಗವಾಗಿ ತಿರುಗುತ್ತಿದ್ದಿರಬಹುದು ಎಂದರು ಕೆಲವರು. ಎರಡು ಶ್ವೇತಕುಬ್ಜಗಳು ಒಂದರೊಳಗೊಂದು ಬಿದ್ದಿರಬಹುದು ಎಂದರು ಇನ್ನು ಕೆಲವರು. ಬೆಂಗಳೂರಿನ ಈ ಇಬ್ಬರು ಮೂರನೆಯ ದಾರಿಯೊಂದನ್ನು ಹುಡುಕಿದರು. ಅದು ಕಾಂತಕ್ಷೇತ್ರ.

ಕಾಂತಕ್ಷೇತ್ರದಲ್ಲಿ ಇಲೆಕ್ಟ್ರಾನು ಮನಬಂದಂತೆ ಓಡಲಾರದು. ಬಲರೇಖೆಯ ಸುತ್ತ ವರ್ತುಲ ಹಾಕುತ್ತ ಸಾಗುತ್ತದೆ. ಕ್ಷೇತ್ರ ಅತಿ ಪ್ರಬಲವಾದಾಗ ಆ ವರ್ತುಲಗಳಿಗೂ ಕ್ವಾಂಟಂ ನಿಯಮ ಅನ್ವಯಿಸಿ, ಕೆಲವು ಮಾತ್ರ ಸಾಧ್ಯವಾಗುತ್ತವೆ. ನಮ್ಮ ಕೆರೆಯ ಮಾತಿನಲ್ಲಿ ಹೇಳುವುದಾದರೆ ಮೆಟ್ಟಿಲುಗಳ ಜೋಡಣೆಯೇ ಬದಲಾಗುತ್ತದೆ. ಎಲ್ಲ ಇಲೆಕ್ಟ್ರಾನುಗಳೂ ಅತಿ ಕೆಳಗಿನ ವರ್ತುಲದಲ್ಲೇ ಸೇರಿಕೊಂಡು, ಬಲರೇಖೆಯ ಉದ್ದಕ್ಕೆ ಮಾತ್ರ ಸ್ವತಂತ್ರವಾಗಿ ಓಡುವಂತಾಗುತ್ತದೆ. ಆಗ ಸರಕು ಹೆಚ್ಚು ಬಿರುಸಾಗುತ್ತದೆ. ಹಿಂಡಿದಾಗ ಒತ್ತಡ ಮೊದಲಿಗಿಂತ ಬೇಗ ಏರುತ್ತದೆ. ಹೆಚ್ಚು ಭಾರವನ್ನು ಹೊರಬಲ್ಲುದು. ಈ ಲೆಕ್ಕದಿಂದ ಅವರಿಗೆ ಬಂದ ಹೊಸ ಮಿತಿ ಸೂರ್ಯನ 2.58 ಪಟ್ಟು. ಮಿತಿ ಮೀರಿದಂತೆ ಕಂಡ ಸೂಪರ್‌ನೋವಾಗಳಿಗೆ ಅದು ಸಾಕಾಗುತ್ತಿತ್ತು.

ಇದಕ್ಕೆ ಬೇಕಾದ ಕಾಂತಕ್ಷೇತ್ರ ಎಷ್ಟು ಗೊತ್ತೇ? ಭೂಮಿಯ ಕಾಂತಕ್ಷೇತ್ರ ಒಂದು ಗಾಸ್‌ಗಿಂತಲೂ ಕಡಿಮೆ. ಈ ನಕ್ಷತ್ರದ ಗರ್ಭದಲ್ಲಿ ಬೇಕಾಗುವುದು 1ರ ಮುಂದೆ 15 ಸೊನ್ನೆ ಬರೆದರೆ ಬರುವ ಸಂಖ್ಯೆಗೂ ಮೀರಿದ ಗಾಸ್. ಇದುವರೆಗೆ ಶ್ವೇತಕುಬ್ಜಗಳ ಮೇಲ್ಮೈಯಲ್ಲಿ ಅಳೆದಿರುವ ಅತಿ ಹೆಚ್ಚಿನ ಕ್ಷೇತ್ರ ಸುಮಾರು 100 ಕೋಟಿ ಗಾಸ್, ಅಂದರೆ 1ರ ಮುಂದೆ 9 ಸೊನ್ನೆ. ನಡುವಣ ವ್ಯತ್ಯಾಸ ಹತ್ತು ಲಕ್ಷ ಪಟ್ಟು. ಮೇಲ್ಮೈಯಲ್ಲಿ ದುರ್ಬಲವಾಗಿದ್ದರೂ ಗರ್ಭದಲ್ಲಿ ಕ್ಷೇತ್ರ ಬಹಳ ಪ್ರಬಲವಾಗಿರಬಹುದು ಎಂಬುದು ಅವರ ಊಹೆ.

ಚಂದ್ರಶೇಖರರ ಹೆಸರನ್ನು ಹೊತ್ತ ಮಿತಿಯನ್ನು ಪ್ರಶ್ನಿಸಿದಾಗ ಏನಾಯಿತು? ಈ ಸಲ ಯಾರೂ ನಗಲಿಲ್ಲ. ಲೆಕ್ಕಕ್ಕೆ ಲೆಕ್ಕದಿಂದಲೇ ಉತ್ತರ ಬಂತು. ಬ್ರಸೆಲ್ಸಿನ ನಿಕೊಲಾ ಶಾಮೆಲ್ ಮತ್ತು ಸಂಗಡಿಗರು 2013ರಲ್ಲೇ ಒಂದು ಆಕ್ಷೇಪವೆತ್ತಿದರು. ಅಷ್ಟೊಂದು ಸಾಂದ್ರತೆಯಲ್ಲಿ ಪರಮಾಣು ಬೀಜಗಳು ಇಲೆಕ್ಟ್ರಾನುಗಳನ್ನೇ ನುಂಗಿಬಿಡುತ್ತವೆ, ಆಧಾರಕ್ಕೆ ನಿಂತ ಕಂಬಗಳೇ ಕಡಿಮೆಯಾದರೆ ನಕ್ಷತ್ರ ಹೇಗೆ ನಿಂತೀತು ಎಂದರು. ಇನ್ನೊಂದು ಆಕ್ಷೇಪ ಬಂದದ್ದು ನಮ್ಮ ದೇಶದವರಿಂದಲೇ. ರಾಜಾರಾಂ ನಿತ್ಯಾನಂದ ಮತ್ತು ಸುಷನ್ ಕೋನಾರ್ 2014ರಲ್ಲಿ ಬರೆದ ಪ್ರಬಂಧದ ತಿರುಳು ಹೀಗಿದೆ: ಕಾಂತಕ್ಷೇತ್ರಕ್ಕೇ ತನ್ನದೊಂದು ಒತ್ತಡವಿದೆ. ಗರ್ಭದಲ್ಲಿ ಹೆಚ್ಚು, ಮೇಲ್ಮೈಯಲ್ಲಿ ಕಡಿಮೆ ಎಂದಾದರೆ ಆ ವ್ಯತ್ಯಾಸವೇ ನಕ್ಷತ್ರದ ಮೇಲೆ ದೊಡ್ಡ ಬಲವನ್ನು ಹಾಕುತ್ತದೆ. ಸಮತೋಲದ ಲೆಕ್ಕದಲ್ಲಿ ಅದನ್ನು ಬಿಡುವಂತಿಲ್ಲ. ಸೇರಿಸಿದರೆ ಅಂಥ ನಕ್ಷತ್ರ ಸಮತೋಲದಲ್ಲಿ ಉಳಿಯಲಾರದು. ಜೊತೆಗೆ, ಇಂಥ ಕ್ಷೇತ್ರವಿರುವ ನಕ್ಷತ್ರವನ್ನು ದುಂಡಗಿನ ಗೋಳವೆಂದು ಭಾವಿಸುವುದೂ ಸರಿಯಲ್ಲ ಎಂದು ಬೇರೆ ಕೆಲವರು ತೋರಿಸಿದರು.

ನೀವು ತಕ್ಕಡಿಯಲ್ಲಿ ತೂಗುವುದನ್ನು ನೋಡಿದ್ದೀರಿ. ಒಂದು ತಟ್ಟೆಯಲ್ಲಿ ಬಟ್ಟು ಇಡುವಾಗ ಒಂದನ್ನು ಮರೆತರೆ ತೂಕವೇ ತಪ್ಪುತ್ತದೆ. ಆಕ್ಷೇಪದ ಅರ್ಥ ಇಷ್ಟೇ: ನೀವು ಒಂದು ಬಟ್ಟನ್ನು ಬಿಟ್ಟಿದ್ದೀರಿ.

ಉಪಾಸನಾ ದಾಸ್ ಮತ್ತು ಮುಖೋಪಾಧ್ಯಾಯರು ಏನು ಮಾಡಿದರು? ಪಟ್ಟು ಹಿಡಿದು ಹಳೆಯ ಲೆಕ್ಕವನ್ನೇ ಒಪ್ಪಿಸುತ್ತ ಕೂರಲಿಲ್ಲ. ನಕ್ಷತ್ರ ದುಂಡಗಿದೆ ಎಂಬ ಊಹೆಯನ್ನು ಕೈಬಿಟ್ಟರು. ಸಾರ್ವತ್ರಿಕ ಸಾಪೇಕ್ಷತೆಯನ್ನೂ ಕಾಂತಕ್ಷೇತ್ರದ ಬಲವನ್ನೂ ಒಟ್ಟಿಗೆ ಸೇರಿಸಿ ಕಂಪ್ಯೂಟರಿನಲ್ಲಿ ಮತ್ತೆ ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ಆಕಾರ ಚಪ್ಪಟೆಯಾಯಿತು ಅಥವಾ ಉದ್ದವಾಯಿತು. ಆದರೆ 1.44ನ್ನು ಮೀರಿದ ನಕ್ಷತ್ರಗಳು ಆಗಲೂ ಸಾಧ್ಯವೆಂದು ಬಂತು. ಆ ಬಳಿಕವೂ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಈ ಲೆಕ್ಕವನ್ನು ತಿದ್ದುತ್ತ, ಪ್ರಶ್ನಿಸುತ್ತ ಬಂದಿದ್ದಾರೆ.

ತೀರ್ಪು ಕೊಡಬೇಕಾದ್ದು ಆಕಾಶ. 2021ರಲ್ಲಿ, ಆಗ ಅಮೆರಿಕದ ಕಾಲ್‌ಟೆಕ್‌ನಲ್ಲಿ ಪಿಎಚ್.ಡಿ. ನಂತರದ ಸಂಶೋಧನೆಯಲ್ಲಿದ್ದ ಇಟಲಿ ಮೂಲದ ಇಲಾರಿಯಾ ಕಯಾಟ್ಸೊ ಮತ್ತು ಸಂಗಡಿಗರು ಒಂದು ವಿಚಿತ್ರ ಶ್ವೇತಕುಬ್ಜದ ವಿಷಯ ಪ್ರಕಟಿಸಿದರು. ನಮ್ಮಿಂದ ಸುಮಾರು 130 ಜ್ಯೋತಿರ್ವರ್ಷ ದೂರ. ದ್ರವ್ಯರಾಶಿ ಸೂರ್ಯನ 1.33ರಿಂದ 1.37 ಪಟ್ಟು. ತ್ರಿಜ್ಯ ಸುಮಾರು 2,100 ಕಿಲೋಮೀಟರ್, ಅಂದರೆ ಚಂದ್ರನಿಗಿಂತ ಅಷ್ಟೇನೂ ದೊಡ್ಡದಲ್ಲ. ಏಳು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗುತ್ತದೆ. ಕಾಂತಕ್ಷೇತ್ರ 60ರಿಂದ 90 ಕೋಟಿ ಗಾಸ್. ಎರಡು ಶ್ವೇತಕುಬ್ಜಗಳು ಕೂಡಿ ಇದು ಹುಟ್ಟಿರಬೇಕು. ಭಾರ ಹೆಚ್ಚಾದಂತೆ ಶ್ವೇತಕುಬ್ಜ ಕಿರಿದಾಗುತ್ತದೆ ಎಂಬ ಚಂದ್ರಶೇಖರರ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಇಷ್ಟಾದರೂ ಇದು ಮಿತಿಯ ಒಳಗೇ ಇದೆ ಎಂಬುದನ್ನು ಗಮನಿಸಿ. ಮಿತಿಯನ್ನು ನಿಸ್ಸಂದೇಹವಾಗಿ ದಾಟಿದ ಶ್ವೇತಕುಬ್ಜವನ್ನು ಯಾರೂ ನೇರವಾಗಿ ಕಂಡಿಲ್ಲ. ಅಂಥವು ಇದ್ದು, ದುಂಡಗಿಲ್ಲದ ದೇಹದೊಡನೆ ವೇಗವಾಗಿ ತಿರುಗುತ್ತಿದ್ದರೆ ಗುರುತ್ವ ತರಂಗಗಳನ್ನು ಹೊರಡಿಸಬೇಕು. ಅಂಥ ತರಂಗಗಳನ್ನು ಬಾಹ್ಯಾಕಾಶದಿಂದ ಹಿಡಿಯಬಲ್ಲ 'ಲೀಸಾ' ಯೋಜನೆಗೆ ಯುರೋಪಿನ ಬಾಹ್ಯಾಕಾಶ ಸಂಸ್ಥೆ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. 2035ರ ಹೊತ್ತಿಗೆ ಅದನ್ನು ಹಾರಿಸುವ ಉದ್ದೇಶವಿದೆ. ಇಂದು ಹೈಸ್ಕೂಲಿನಲ್ಲಿರುವ ನಿಮ್ಮಲ್ಲಿ ಯಾರಾದರೂ ಅದರ ಅಂಕಿ ಅಂಶಗಳನ್ನು ಓದುವ ವಯಸ್ಸಿಗೆ ಆಗ ಬಂದಿರುತ್ತೀರಿ.

ಹಾಗಾದರೆ ಬೆಂಗಳೂರಿನವರ ಲೆಕ್ಕ ಸರಿಯೋ ತಪ್ಪೋ? ಪರೀಕ್ಷೆಯ ಕೊನೆಯಲ್ಲಿ ಸಿಗುವಂಥ ಒಂದು ಅಂಕದ ಉತ್ತರ ಇದಕ್ಕಿಲ್ಲ. ಇದು ಕೆಲವರಿಗೆ ನಿರಾಶೆ ತರಬಹುದು. ಪಠ್ಯಪುಸ್ತಕದಲ್ಲಿ ನಾವು ಓದುವುದೆಲ್ಲ ತೀರ್ಮಾನವಾದ ವಿಜ್ಞಾನ. ಸಂಶೋಧಕ ದಿನವೂ ಬಾಳುವುದು ತೀರ್ಮಾನವಾಗದ ವಿಜ್ಞಾನದ ನಡುವೆ. ಸಂಶೋಧನೆಯ ಮೊದಲ ವರ್ಷಗಳಲ್ಲಿರುವವರಿಗೆ ಇದು ಕಷ್ಟದ ಕಾಲ. ಹೆಸರಾಗಿಲ್ಲ, ಕೆಲಸ ಕಾಯಂ ಆಗಿಲ್ಲ. ಬರೆದದ್ದನ್ನು ಹಿರಿಯರು ಬಹಿರಂಗವಾಗಿ ಅಲ್ಲಗಳೆಯುತ್ತಾರೆ. ಆಗಲೂ ಕಾಗದ ತೆಗೆದು ಬಿಟ್ಟುಹೋದ ಬಟ್ಟನ್ನು ಸೇರಿಸಿ ಮತ್ತೆ ತೂಗಬೇಕು. ಆ ತಾಳ್ಮೆ ದೊಡ್ಡದು.

ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಹಿರಿಯರೆದುರು ಬಾಯಿ ತೆರೆಯಬಾರದೆಂದು ಕಲಿಸುತ್ತಾರೆ. ಹಳ್ಳಿಯ ಶಾಲೆಯಿಂದ ಪೇಟೆಯ ಕಾಲೇಜಿಗೆ ಬಂದ ಹುಡುಗಿಯೋ ಹುಡುಗನೋ ತರಗತಿಯಲ್ಲಿ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ. ತಪ್ಪಾದರೆ ನಗುತ್ತಾರೇನೋ ಎಂಬ ಅಳುಕು. ಈ ಎರಡು ಪ್ರಸಂಗಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. 1935ರಲ್ಲಿ ಹಿರಿಯರು ಕಿರಿಯನ ಮಾತನ್ನು ನಗೆಯಿಂದ ತಳ್ಳಿಹಾಕಿದರು. ಅದರಿಂದ ನಷ್ಟವಾದದ್ದು ವಿಜ್ಞಾನಕ್ಕೆ. ಕುಸಿಯುವ ನಕ್ಷತ್ರಗಳ ಅಧ್ಯಯನ ಹಲವು ವರ್ಷ ಹಿಂದೆ ಬಿತ್ತು. 2013ರಲ್ಲಿ ಕಿರಿಯ ಸಂಶೋಧಕಿಯ ಮಾತನ್ನು ಹಿರಿಯರು ಓದಿದರು, ಲೆಕ್ಕ ಹಾಕಿದರು, ಎಲ್ಲಿ ಕೊರತೆಯಿದೆಯೆಂದು ಬರೆದು ತೋರಿಸಿದರು. ಅದರಿಂದ ಎಲ್ಲರ ತಿಳಿವಳಿಕೆಯೂ ಬೆಳೆಯಿತು. ನಿಮ್ಮ ಪ್ರಶ್ನೆಗೆ ಗಂಭೀರ ಆಕ್ಷೇಪ ಬಂತೆಂದರೆ ಅದು ಅವಮಾನವಲ್ಲ. ಅದು ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡ ಗುರುತು. ಹಾಗೆಂದು ದೊಡ್ಡವರನ್ನು ಪ್ರಶ್ನಿಸಿದ ಮಾತ್ರಕ್ಕೆ ಯಾರೂ ಚಂದ್ರಶೇಖರ್ ಆಗುವುದಿಲ್ಲ. ಅವರ ಕೈಯಲ್ಲಿ ಲೆಕ್ಕವಿತ್ತು. ಪ್ರಶ್ನೆ ಕೇಳುವ ಧೈರ್ಯ ಎಷ್ಟು ಬೇಕೋ, ಲೆಕ್ಕ ಮಾಡುವ ಶ್ರಮವೂ ಅಷ್ಟೇ ಬೇಕು.

ಇದಕ್ಕೆ ತಯಾರಿ ಇಂದೇ ಆರಂಭವಾಗಬಹುದು. ದೂರದರ್ಶಕ ಇಲ್ಲವೆಂದು ಕೊರಗಬೇಡಿ. ಮೊದಲಿಗೆ ಎರಡು ಕಣ್ಣು, ಕತ್ತಲೆಯ ಅಂಗಳ, ಒಂದು ನೋಟ್‌ಪುಸ್ತಕ ಸಾಕು. ಮಡಿಕೇರಿಯಲ್ಲಿ ಹುಟ್ಟಿ ಗಣಿತ ಅಧ್ಯಾಪಕರಾಗಿದ್ದ ಜಿ. ಟಿ. ನಾರಾಯಣ ರಾವ್ (1926-2008) ನಕ್ಷತ್ರ ವೀಕ್ಷಣೆಯನ್ನು ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದವರು. ಚಂದ್ರಶೇಖರರ ಬಗ್ಗೆಯೂ ಕನ್ನಡದಲ್ಲಿ ಬರೆದವರು. ಅವರ ಪುಸ್ತಕಗಳನ್ನು ನಿಮ್ಮ ಗ್ರಂಥಾಲಯದಲ್ಲಿ ಹುಡುಕಿ ಓದಿ. ಗಣಿತವನ್ನು ಅಂಕಕ್ಕಾಗಿ ಮಾತ್ರ ಕಲಿಯಬೇಡಿ. ಹಡಗಿನಲ್ಲಿ ಕುಳಿತ ಹತ್ತೊಂಬತ್ತರ ತರುಣನ ಬಳಿಯೂ ಇದ್ದದ್ದು ಕಾಗದ, ಲೇಖನಿ, ಚೆನ್ನಾಗಿ ಕಲಿತ ಗಣಿತ ಮತ್ತು ಒಂದು ಪ್ರಶ್ನೆ.

ಮುಂದಿನ ಫೆಬ್ರವರಿಯಲ್ಲಿ ರಾತ್ರಿ ಊಟ ಮುಗಿಸಿ ಅಂಗಳಕ್ಕೆ ಬನ್ನಿ. ತೆಂಗು, ಕಂಗುಗಳ ತಲೆಯ ಮೇಲೆ ಲುಬ್ಧಕವನ್ನು ಹುಡುಕಿ. ಅದರ ಪಕ್ಕದ ಪುಟ್ಟ ಜೊತೆಗಾರ ಬರಿಗಣ್ಣಿಗೆ ಕಾಣಿಸುವುದಿಲ್ಲ. ಆದರೆ ಅದು ಅಲ್ಲಿದೆ ಎಂದು ಈಗ ನಿಮಗೆ ಗೊತ್ತು. ಅದು ಏಕೆ ಕುಸಿಯದೆ ನಿಂತಿದೆ ಎಂಬುದೂ ಗೊತ್ತು. ಪಕ್ಕದಲ್ಲಿ ತಮ್ಮನೋ ತಂಗಿಯೋ ಇದ್ದರೆ ಕೆರೆಯ ಮೆಟ್ಟಿಲುಗಳ ಲೆಕ್ಕವನ್ನು ಅವರಿಗೂ ಹೇಳಿಕೊಡಿ. ಅವರು ಮರಳಿ ಒಂದು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿಲ್ಲದಿದ್ದರೂ, ದಯವಿಟ್ಟು ನಗಬೇಡಿ. ಇಬ್ಬರೂ ಕೂತು ಲೆಕ್ಕ ಹಾಕಿ.